ಬಾಡಿಗೆ 26 ಸಾವಿರ, ಕೈಯಿಂದ ಹೋದದ್ದು 42 ಸಾವಿರ: ಇದರಲ್ಲಿ ಯಾವುದು ನಿಮ್ಮದು, ಯಾವುದು ಓನರ್‌ದು?

ಪ್ರಶ್ನೆ: ಮೇಡಂ, ನಾವು ದಾವಣಗೆರೆಯವರು. ನಾನು, ನಮ್ಮ ಯಜಮಾನರು, ಅತ್ತೆ, ಮೂರು ಜನ. ಹೋದ ತಿಂಗಳು ಬೆಂಗಳೂರಿನ ವರ್ತೂರು ಕಡೆ ಅಪಾರ್ಟ್‌ಮೆಂಟ್ ಒಂದರಲ್ಲಿ 2 ಬಿಎಚ್‌ಕೆ ಫ್ಲ್ಯಾಟ್ ಬಾಡಿಗೆಗೆ ಹಿಡಿದೆವು. 1,140 ಚದರ ಅಡಿ. "26 ಸಾವಿರ ಪ್ಲಸ್ ಮೇಂಟೆನೆನ್ಸ್" ಅಂತ ಮಾತಾಗಿತ್ತು. ಮೇಂಟೆನೆನ್ಸ್ ಅಂದರೆ ಎರಡು ಮೂರು ಸಾವಿರ ಇರಬಹುದು ಅಂದುಕೊಂಡೆವು. ಈಗ ಬಂದಿರುವ ಲೆಕ್ಕ ನೋಡಿ: ಮೇಂಟೆನೆನ್ಸ್ 4,560, ನೀರು 18 ಸಾವಿರ ಲೀಟರ್‌ಗೆ 1,980, ಡಿಜಿ (ಜನರೇಟರ್) 26 ಯೂನಿಟ್‌ಗೆ 728, ಕಾಮನ್ ಏರಿಯಾ ಕರೆಂಟ್ 610, ಸಿಂಕಿಂಗ್ ಫಂಡ್ 570, ಮೂವ್-ಇನ್ ಚಾರ್ಜ್ 5,000. ಇದಲ್ಲದೆ ಬೆಸ್ಕಾಂ ಕರೆಂಟ್ ಬಿಲ್ 2,869, ಅದರಲ್ಲಿ 1,420 ಎಎಸ್‌ಡಿ ಅಂತ ಇದೆ. ಬಳಸಿದ್ದು 130 ಯೂನಿಟ್. ಓನರ್ ಕೇಳಿದರೆ "ಎಲ್ಲಾ ಕಡೆ ಹೀಗೇ" ಅಂತಾರೆ. ಇದೆಲ್ಲ ನಾವೇ ಕಟ್ಟಬೇಕಾ? ಪ್ರತಿ ತಿಂಗಳೂ ಇಷ್ಟೇ ಬರುತ್ತಾ?

ಉತ್ತರ: ಪ್ರತಿ ತಿಂಗಳೂ ಇಷ್ಟು ಬರುವುದಿಲ್ಲ, ಮೊದಲು ಸಮಾಧಾನ ಮಾಡಿಕೊಳ್ಳಿ. ನೀವು ಬರೆದಿರುವ ಬಾಬ್ತುಗಳನ್ನು ಕೂಡಿಸಿದರೆ 16,317 ಆಗುತ್ತದೆ. ಅದರಲ್ಲಿ ಸಿಂಕಿಂಗ್ ಫಂಡ್ (ಕಟ್ಟಡದ ಮುಂದಿನ ದೊಡ್ಡ ರಿಪೇರಿಗೆ ಕೂಡಿಡುವ ದುಡ್ಡು), ಮೂವ್-ಇನ್, ಎಎಸ್‌ಡಿ (ಬೆಸ್ಕಾಂ ಕೇಳುವ ಠೇವಣಿ) ಮೂರೂ ಸೇರಿ 6,990. ಇದರಲ್ಲಿ ಎರಡು ಓನರ್ ಕಟ್ಟಬೇಕಾದ್ದು, ಇನ್ನೊಂದು ಒಂದೇ ಸಲದ್ದು. ಉಳಿದ 9,327ರಲ್ಲೂ ಎರಡು ಅಂಕಿ ನನಗೆ ಸರಿ ಕಾಣುತ್ತಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ, ಹಾಗಾಗಿ ಇಂಥ ಜಗಳ ದಿನಾ ಕಿವಿಗೆ ಬೀಳುತ್ತದೆ. ಅದರಿಂದ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಆ ತಿಂಗಳು ನೀವು ಬಳಸಿ ಮುಗಿಸಿದ್ದು ನಿಮ್ಮ ಖರ್ಚು. ನೀವು ಮನೆ ಖಾಲಿ ಮಾಡಿಕೊಂಡು ಹೋದ ಮೇಲೂ ಕಟ್ಟಡದಲ್ಲೋ ಓನರ್ ಹೆಸರಲ್ಲೋ ಉಳಿಯುವುದು ಓನರ್ ಖರ್ಚು. ಇದು ಯಾವ ಕಾನೂನಿನ ಸೆಕ್ಷನ್ನೂ ಅಲ್ಲ, ಗೊತ್ತಿರಲಿ. ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದು ಇದೆ. ಆದರೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗೆ ಅದು ಅನ್ವಯಿಸುವುದಿಲ್ಲ. ಈಗ 3,500ಕ್ಕೆ ಎಲ್ಲಿ ಮನೆ ಸಿಗುತ್ತೆ ಹೇಳಿ. ಹಾಗಾಗಿ ನಿಮ್ಮಂಥವರಿಗೆ ಅಗ್ರಿಮೆಂಟ್‌ನಲ್ಲಿ ಬರೆದದ್ದೇ ಕಾನೂನು. ಅದರಲ್ಲಿ ಬರೀ "ಪ್ಲಸ್ ಮೇಂಟೆನೆನ್ಸ್" ಅಂತ ಇದ್ದರೆ ಆ ಒಂದು ಪದದೊಳಗೆ ಯಾರು ಏನು ಬೇಕಾದರೂ ತುಂಬಬಹುದು. ನಿಮಗೆ ಆಗಿರುವುದೂ ಅದೇ.

ಮೊದಲು ಆ 4,560. ಇದು ಚದರ ಅಡಿಗೆ 4 ರೂಪಾಯಿ, 1,140 ಗುಣಿಸು 4, ಲೆಕ್ಕ ಸರಿಯಾಗಿದೆ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಇದು ಜಾಸ್ತಿಯೇನಲ್ಲ. ಒಂದು ವಿಷಯ ಗಮನಿಸಿ, ಈ 1,140 ಅನ್ನುವುದು ಸೂಪರ್ ಬಿಲ್ಟಪ್ ಏರಿಯಾ. ಗೋಡೆ, ಮೆಟ್ಟಿಲು, ಲಾಬಿ, ಲಿಫ್ಟ್‌ನ ಪಾಲು ಎಲ್ಲ ಸೇರಿಸಿದ ಅಳತೆ. ಟೇಪ್ ಹಿಡಿದು ಮನೆಯೊಳಗೆ ಅಳೆದರೆ ಅಷ್ಟು ಸಿಗುವುದಿಲ್ಲ. ಅದನ್ನು ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ, ಎಲ್ಲ ಫ್ಲ್ಯಾಟ್‌ಗೂ ಒಂದೇ ಅಳತೆ ಹಿಡಿದಿದ್ದರೆ ಪಾಲು ಅದೇ ಬರುತ್ತದೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಲಿಫ್ಟ್ ಸರ್ವಿಸ್, ತೋಟ, ಈಜುಕೊಳ, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ, ಇವಕ್ಕೆಲ್ಲ ಹೋಗುವ ದುಡ್ಡು ಇದು. ನೀವು ಈಜದಿದ್ದರೂ ಕೊಳದ ಕ್ಲೋರಿನ್‌ಗೆ ನಿಮ್ಮ ಪಾಲು ಹೋಗುತ್ತೆ, ಅದು ತಪ್ಪಿದ್ದಲ್ಲ.

ಕಾಮನ್ ಏರಿಯಾ ಕರೆಂಟ್ 610 ಬಗ್ಗೆ ಮಾತ್ರ ಒಂದು ಪ್ರಶ್ನೆ ಕೇಳಲೇಬೇಕು. ಆ 4 ರೂಪಾಯಿಯಲ್ಲಿ ಇದು ಮೊದಲೇ ಸೇರಿದೆಯಾ, ಇಲ್ಲವಾ? ಕೆಲವು ಕಡೆ ಕರೆಂಟ್ ಖರ್ಚು ತಿಂಗಳಿಂದ ತಿಂಗಳಿಗೆ ಏರಿಳಿಯುತ್ತೆ ಅಂತ ಬೇರೆಯಾಗಿ ಹಂಚುತ್ತಾರೆ, ಅದು ನ್ಯಾಯವಾದದ್ದೇ. ಲಿಫ್ಟ್, ನೀರಿನ ಪಂಪು, ಬೇಸ್‌ಮೆಂಟ್ ದೀಪ, ಹಗಲೂ ರಾತ್ರಿ ಓಡುವ ಎಸ್‌ಟಿಪಿ ಬ್ಲೋವರ್, ಇವು ಕಡಿಮೆ ಕರೆಂಟ್ ತಿನ್ನುವುದಿಲ್ಲ. ಆದರೆ ಇನ್ನು ಕೆಲವು ಕಡೆ ವಾರ್ಷಿಕ ಬಜೆಟ್‌ನಲ್ಲೂ ಕರೆಂಟ್ ಇರುತ್ತದೆ, ತಿಂಗಳ ಬಿಲ್‌ನಲ್ಲೂ ಬರುತ್ತದೆ. ಬೇಕೆಂದೇ ಮಾಡಿರುವುದಿಲ್ಲ, ಹಳೆ ಕಮಿಟಿ ಒಂದು ಪದ್ಧತಿ ಇಟ್ಟಿರುತ್ತೆ, ಹೊಸ ಕಮಿಟಿ ಇನ್ನೊಂದು ತಂದಿರುತ್ತೆ. ಅಸೋಸಿಯೇಷನ್‌ನ ಬಜೆಟ್ ಹಾಳೆ ಓನರ್‌ಗೆ ಸಿಗುತ್ತದೆ. ಅವರಿಂದ ಒಂದು ಪ್ರತಿ ತರಿಸಿಕೊಂಡು ನೋಡಿ.

ನಿಮ್ಮ 4,560 ಮೇಂಟೆನೆನ್ಸ್ ಮೇಲೆ ಜಿಎಸ್‌ಟಿ ಇಲ್ಲ, ಇರಬಾರದು ಕೂಡ. ಅಸೋಸಿಯೇಷನ್ ತನ್ನ ಸದಸ್ಯರಿಂದ ತಿಂಗಳಿಗೆ ಒಂದು ಫ್ಲ್ಯಾಟ್‌ಗೆ 7,500 ರೂಪಾಯಿವರೆಗೆ ಮೇಂಟೆನೆನ್ಸ್ ತೆಗೆದುಕೊಂಡರೆ ತೆರಿಗೆ ಇಲ್ಲ. ಅದನ್ನು ದಾಟಿದರೆ, ಜೊತೆಗೆ ಅಸೋಸಿಯೇಷನ್‌ನ ವರ್ಷದ ವಹಿವಾಟು 20 ಲಕ್ಷ ದಾಟಿದ್ದರೆ, 18% ಬೀಳುತ್ತದೆ. ಪೂರ್ತಿ ಮೊತ್ತದ ಮೇಲಾ ಅಥವಾ 7,500ರ ಮೇಲಿನ ಭಾಗಕ್ಕೆ ಮಾತ್ರವಾ ಅನ್ನುವುದು ದೊಡ್ಡ ತಕರಾರು. 2019ರಲ್ಲಿ ಕೇಂದ್ರದ ಸುತ್ತೋಲೆ ಪೂರ್ತಿ ಅಂದಿತು, 2021ರಲ್ಲಿ ಮದ್ರಾಸ್ ಹೈಕೋರ್ಟ್ ಮೇಲಿನ ಭಾಗಕ್ಕೆ ಮಾತ್ರ ಅಂದಿತು. ನಿಮಗೆ ಸದ್ಯಕ್ಕೆ ಬೇಡದ ತಲೆನೋವು. ಆದರೆ ಹೊಸ ಕಟ್ಟಡಗಳಲ್ಲಿ ಅಸೋಸಿಯೇಷನ್ ಇನ್ನೂ ಆಗಿರುವುದಿಲ್ಲ, ಬಿಲ್ಡರ್ ಅಥವಾ ಅವರು ಇಟ್ಟುಕೊಂಡ ಕಂಪನಿಯೇ ಬಿಲ್ ಕಳಿಸುತ್ತದೆ. ಅಲ್ಲಿ ಈ 7,500ರ ವಿನಾಯಿತಿ ಸಿಗುವುದಿಲ್ಲ, ಮೊದಲ ರೂಪಾಯಿಂದಲೇ 18% ಇರುತ್ತದೆ. ಹೊಸ ಟವರ್‌ನಲ್ಲಿ ಮನೆ ನೋಡುತ್ತಿರುವ ನಿಮ್ಮ ಪರಿಚಯದವರಿಗೆ ಇದನ್ನು ಹೇಳಿ.

ಈಗ ನೀರು. ಜಗಳ ಜಾಸ್ತಿ ಆಗುವುದು ಇಲ್ಲೇ.

1,980ನ್ನು 18ರಿಂದ ಭಾಗಿಸಿದರೆ ಸಾವಿರ ಲೀಟರ್‌ಗೆ 110 ರೂಪಾಯಿ. ಊರಲ್ಲಿ ನಲ್ಲಿ ನೀರಿನ ಬಿಲ್ ಕಟ್ಟಿದವರಿಗೆ ಇದು ಹಗಲು ದರೋಡೆ ಅನ್ನಿಸುತ್ತದೆ. ಜಲಮಂಡಳಿಯ ಕಾವೇರಿ ನೀರು ಇಷ್ಟು ದುಬಾರಿ ಅಲ್ಲ, 2014ರ ನಂತರ ಮೊದಲ ಸಲ 2025ರ ಏಪ್ರಿಲ್‌ನಲ್ಲಿ ದರ ಏರಿಸಿದ ಮೇಲೂ ಅಲ್ಲ. ಆದರೆ ನಿಮ್ಮ ಕಡೆಯ ಹೊರವಲಯದಲ್ಲಿ ಎಷ್ಟೋ ಕಟ್ಟಡಗಳು ಇವತ್ತಿಗೂ ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿಕೊಂಡಿವೆ. ನಗರಕ್ಕೆ ಆಮೇಲೆ ಸೇರಿದ ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡಲು ಅಂತ ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆದರೆ ಪೈಪ್ ರಸ್ತೆಗೆ ಬಂದರೆ ಸಾಲದು, ಅಪಾರ್ಟ್‌ಮೆಂಟ್ ದುಡ್ಡು ಕಟ್ಟಿ ಕನೆಕ್ಷನ್ ತೆಗೆದುಕೊಳ್ಳಬೇಕು, ಎಷ್ಟೋ ಕಡೆ ಅದೇ ಆಗಿಲ್ಲ. ಟ್ಯಾಂಕರ್ ಲೆಕ್ಕ ಸುಲಭ. 2024ರ ಬೇಸಿಗೆಯಲ್ಲಿ ಬೆಂಗಳೂರು ಒಣಗಿದಾಗ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತ್ತು: 12 ಸಾವಿರ ಲೀಟರ್‌ಗೆ ಐದು ಕಿಲೋಮೀಟರ್ ಒಳಗಾದರೆ 1,000, ಹತ್ತು ಕಿಲೋಮೀಟರ್‌ವರೆಗೆ 1,200. ಅಂದರೆ ಸರ್ಕಾರ ಕಟ್ಟಿದ ದರದಲ್ಲೇ ಸಾವಿರ ಲೀಟರ್‌ಗೆ 83ರಿಂದ 100 ರೂಪಾಯಿ ಬಿತ್ತು. ಅದಕ್ಕೆ ಗಡಸು ನೀರನ್ನು ಮೆದು ಮಾಡುವ ಪ್ಲಾಂಟ್‌ನ ಉಪ್ಪು, ಪಂಪ್ ಖರ್ಚು ಸೇರಿಸಿದರೆ 110 ಬರುವುದು ಸಹಜ. ದರದ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು 18 ಸಾವಿರ ಲೀಟರ್ ಮೇಲೆ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಾಕುತ್ತಾರೆ. ಮೂರು ಜನಕ್ಕೆ 30 ದಿನಕ್ಕೆ 12,150 ಲೀಟರ್. ನೀವು ಆರು ಸಾವಿರ ಲೀಟರ್ ಜಾಸ್ತಿ ಸುರಿದಿದ್ದೀರಾ? ನನಗನ್ನಿಸುವುದು ಬೇರೆ. ನೀವು ಬರುವ ಮುಂಚೆ ಮನೆಗೆ ಪೇಂಟ್ ಆಗಿರುತ್ತದೆ, ತೊಳೆದಿರುತ್ತಾರೆ, ಹಿಂದಿನವರ ಕೊನೆಯ ಕೆಲವು ದಿನದ ಬಳಕೆಯೂ ಇರುತ್ತದೆ. ಅಸೋಸಿಯೇಷನ್ ತಿಂಗಳಿಗೊಮ್ಮೆ ರೀಡಿಂಗ್ ತೆಗೆಯುತ್ತದೆ, ಮಧ್ಯದಲ್ಲಿ ಮನೆ ಕೈಬದಲಾದದ್ದು ಅದಕ್ಕೆ ಗೊತ್ತಿರುವುದಿಲ್ಲ. ನೀವು ಬೀಗದ ಕೈ ತೆಗೆದುಕೊಂಡ ದಿನ ಮೀಟರ್ ಎಷ್ಟಿತ್ತು ಅನ್ನುವ ಫೋಟೋ ಇದೆಯಾ? ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಗೇಟ್‌ನಲ್ಲಿ ಬಂದು ಹೋಗುವವರ ಲೆಕ್ಕ ಇಡುವ ಅಪಾರ್ಟ್‌ಮೆಂಟ್ ಆ್ಯಪ್‌ನಲ್ಲಿ ನಿಮ್ಮ ಮೂವ್-ಇನ್ ದಿನಾಂಕ ಇರುತ್ತದೆ, ದಿನದ ಲೆಕ್ಕದಲ್ಲಿ ಭಾಗ ಮಾಡಿಕೊಡಿ ಅಂತ ಕೇಳಬಹುದು.

ಇನ್ನೊಂದು ಸಾಧ್ಯತೆ ಸೋರಿಕೆ. ಫ್ಲ್ಯಾಟ್‌ಗೆ ನೀರು ಒಂದೇ ಕಡೆಯಿಂದ ಬರುವುದಿಲ್ಲ. ಒಂದೊಂದು ಬಾತ್‌ರೂಮ್‌ಗೆ ಒಂದು, ಅಡುಗೆಮನೆಗೆ ಒಂದು, ಹೀಗೆ ಮೂರು ನಾಲ್ಕು ಪೈಪು, ಒಂದೊಂದಕ್ಕೂ ಒಂದು ಮೀಟರ್ ಇರಬಹುದು. ರಾತ್ರಿ ಎಲ್ಲ ನಲ್ಲಿ ಮುಚ್ಚಿ, ಎಲ್ಲ ಮೀಟರ್ ನೋಡಿಕೊಳ್ಳಿ, ಬೆಳಗ್ಗೆ ಎದ್ದು ಯಾರೂ ನೀರು ಮುಟ್ಟುವ ಮುಂಚೆ ಮತ್ತೆ ನೋಡಿ. ಮುಳ್ಳು ಅಲುಗಿದ್ದರೆ ಸಾಮಾನ್ಯವಾಗಿ ಕಮೋಡ್‌ನ ಫ್ಲಶ್ ಟ್ಯಾಂಕ್ ಒಳಗಿನ ವಾಲ್ವ್ ಕಾರಣ. ಸದ್ದಿಲ್ಲದೆ ಸೋರುತ್ತಿರುತ್ತದೆ. ಅದನ್ನು ಸರಿ ಮಾಡಿಸುವುದು ಓನರ್ ಕೆಲಸ, ಆದರೆ ನೀವು ಹೇಳದೆ ಇದ್ದರೆ ನೀರಿನ ದುಡ್ಡು ನಿಮ್ಮದೇ. ಮೀಟರ್ ಇಲ್ಲದ ಹಳೆ ಕಟ್ಟಡಗಳಲ್ಲಿ ಟ್ಯಾಂಕರ್ ಖರ್ಚನ್ನು ಫ್ಲ್ಯಾಟ್‌ಗೆ ಇಷ್ಟು ಅಂತ ಸಮ ಹಂಚುತ್ತಾರೆ. ಒಬ್ಬರೇ ಇರುವ ಮನೆಗೂ ಆರು ಜನ ಇರುವ ಮನೆಗೂ ಒಂದೇ ಬಿಲ್. ಅಂಥ ಕಡೆ ಚಿಕ್ಕ ಕುಟುಂಬದವರು ಹೋಗುವುದು ನಷ್ಟ. ನಿಮ್ಮ ಕಡೆ ಮೀಟರ್ ಆದರೂ ಇದೆಯಲ್ಲ.

ಡಿಜಿ, ಅಂದರೆ ಜನರೇಟರ್. ಇಲ್ಲಿ ನನ್ನ ಎರಡನೇ ಅನುಮಾನ. 728 ಭಾಗಿಸು 26, ಯೂನಿಟ್‌ಗೆ 28 ರೂಪಾಯಿ. ಬೆಸ್ಕಾಂ ಯೂನಿಟ್ 6 ರೂಪಾಯಿ ಹತ್ತಿರ ಇರುವಾಗ 28 ಅಂದರೆ ಎದೆ ಧಸಕ್ ಅನ್ನುತ್ತದೆ. ಆದರೆ ಒಂದು ಲೀಟರ್ ಡೀಸೆಲ್‌ಗೆ ಜನರೇಟರ್ ಕೊಡುವುದು ಸುಮಾರು ಮೂರರಿಂದ ಮೂರೂವರೆ ಯೂನಿಟ್. ಲೀಟರ್‌ಗೆ 90 ರೂಪಾಯಿ ಹಿಡಿದರೂ ಬರೀ ಡೀಸೆಲ್ ಖರ್ಚೇ 26ರಿಂದ 30. ಹಾಗಾಗಿ ದರ ಸರಿ. ಯೂನಿಟ್ ನೋಡಿ ಈಗ. ನೀವು ತಿಂಗಳಿಗೆ ಬಳಸಿದ ಬೆಸ್ಕಾಂ ಕರೆಂಟ್ 130 ಯೂನಿಟ್, ದಿನಕ್ಕೆ ನಾಲ್ಕೂಕಾಲು ಚಿಲ್ಲರೆ. ಜನರೇಟರ್ ಮೇಲೆ 26 ಯೂನಿಟ್ ಅಂದರೆ ನಿಮ್ಮ ಮನೆಯ ಆರು ದಿನದ ಪೂರ್ತಿ ಬಳಕೆ. ಹೋದ ತಿಂಗಳು ನಿಮ್ಮ ಏರಿಯಾದಲ್ಲಿ ಆರು ಹಗಲು ಆರು ರಾತ್ರಿಯಷ್ಟು ಕರೆಂಟ್ ಇರಲಿಲ್ಲವಾ? ಸಂಜೆ ಹೊತ್ತಿನ ಜಾಸ್ತಿ ಬಳಕೆ ಹಿಡಿದರೂ ಐವತ್ತು ಗಂಟೆ ದಾಟುತ್ತದೆ. ಕೇಬಲ್ ಸುಟ್ಟು ಹಾಗೆ ಆಗಿದ್ದರೆ ಸರಿ, ನಿಮಗೇ ನೆನಪಿರುತ್ತದೆ. ಇಲ್ಲದಿದ್ದರೆ ಎರಡರಲ್ಲಿ ಒಂದು. ಹಿಂದಿನವರ ಯೂನಿಟ್ ಸೇರಿದೆ, ಅಥವಾ ಪಕ್ಕದ ಫ್ಲ್ಯಾಟ್‌ನ ಡಿಜಿ ಮೀಟರ್‌ಗೂ ನಿಮ್ಮದಕ್ಕೂ ಅದಲು ಬದಲಾಗಿದೆ. ಎರಡನೆಯದು ನೀವು ಅಂದುಕೊಂಡದ್ದಕ್ಕಿಂತ ಸಾಮಾನ್ಯ. ಜನರೇಟರ್ ಎಷ್ಟು ಗಂಟೆ ಓಡಿತು ಅನ್ನುವುದು ಅದರ ಮೇಲಿನ ಗಂಟೆ ಮೀಟರ್‌ನಲ್ಲಿ ಇರುತ್ತದೆ, ಎಲೆಕ್ಟ್ರಿಷಿಯನ್ ಹತ್ತಿರ ಲಾಗ್ ಬುಕ್ಕೂ ಇರುತ್ತದೆ. ಫೆಸಿಲಿಟಿ ಮ್ಯಾನೇಜರ್‌ನ ಹತ್ತಿರ ಹೋಗಿ ಸಮಾಧಾನವಾಗಿ "ಹೋದ ತಿಂಗಳು ಡಿಜಿ ಎಷ್ಟು ಗಂಟೆ ಓಡಿತ್ತು ಸರ್, ಲಾಗ್ ತೋರಿಸ್ತೀರಾ" ಅಂತ ಕೇಳಿ. ಜೋರು ಮಾಡಬೇಡಿ. ನೀವು ಬಾಡಿಗೆಯವರು, ಅವರ ಜೊತೆ ಇನ್ನೂ ಹನ್ನೊಂದು ತಿಂಗಳು ಏಗಬೇಕು.

ಬೆಸ್ಕಾಂ ಬಿಲ್‌ಗೆ ಬರೋಣ. 2,869ರಲ್ಲಿ ಎಎಸ್‌ಡಿ 1,420 ಬಿಟ್ಟರೆ ಉಳಿಯುವುದು 1,449. 2025ರ ಏಪ್ರಿಲ್‌ನಿಂದ ಬಂದ ದರದಲ್ಲಿ ಅದು ಹೇಗೆ ಆಯಿತು ಅಂದರೆ, ಒಂದು ಕಿಲೋವ್ಯಾಟ್‌ಗೆ 145ರಂತೆ ನಿಮ್ಮ ಮನೆಯ 4 ಕಿಲೋವ್ಯಾಟ್ ಲೋಡಿಗೆ ನಿಗದಿತ ಶುಲ್ಕ 580. ಯೂನಿಟ್‌ಗೆ 5.80ರಂತೆ 754. ನೌಕರರ ಪಿಂಚಣಿ, ಗ್ರಾಚ್ಯುಟಿ ಬಾಬ್ತಿಗೆ ಯೂನಿಟ್‌ಗೆ 36 ಪೈಸೆ, ಅದು 47. ಶೇ 9 ತೆರಿಗೆ 68. ಬಿಲ್ ಕೈಯಲ್ಲಿ ಹಿಡಿದು ನೋಡಿ, ಲೋಡ್ 4 ಅಂತಲೇ ಇರಬೇಕು, ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ ಹೇಳುತ್ತಿದ್ದೇನೆ. ಮೊದಲಿನ ಹಾಗೆ ಸ್ಲ್ಯಾಬ್ ಇಲ್ಲ, ಎಷ್ಟು ಬಳಸಿದರೂ ಯೂನಿಟ್‌ಗೆ ಒಂದೇ ದರ. ಇದರಿಂದ ಕಡಿಮೆ ಬಳಸುವವರಿಗೆ ಆ ನಿಗದಿತ ಶುಲ್ಕವೇ ಭಾರ. ಮನೆಗೆ ಬೀಗ ಹಾಕಿ ತಿಂಗಳಿಡೀ ದಾವಣಗೆರೆಗೆ ಹೋದರೂ 580 ಬರುತ್ತದೆ.

ಎಎಸ್‌ಡಿ 1,420 ಮಾತ್ರ ನಿಮ್ಮದಲ್ಲ. ಅದು ಹೆಚ್ಚುವರಿ ಭದ್ರತಾ ಠೇವಣಿ. ಬೆಸ್ಕಾಂ ವರ್ಷಕ್ಕೊಮ್ಮೆ ಹಿಂದಿನ ವರ್ಷದ ಬಳಕೆ ನೋಡುತ್ತದೆ, ಎರಡು ತಿಂಗಳ ಸರಾಸರಿ ಬಿಲ್‌ನಷ್ಟು ಠೇವಣಿ ಇಲ್ಲದಿದ್ದರೆ ಕಡಿಮೆ ಬಿದ್ದದ್ದನ್ನು ಬಿಲ್‌ನಲ್ಲೇ ಕೇಳುತ್ತದೆ. ಹೋದ ವರ್ಷ ಆ ಮನೆಯಲ್ಲಿ ಎಸಿ ಹಾಕಿಕೊಂಡು ಕೂತಿದ್ದವರು ಬೇರೆಯವರು. ಠೇವಣಿ ಉಳಿಯುವುದು ಓನರ್ ಹೆಸರಿನ ಖಾತೆಯಲ್ಲಿ, ಅದಕ್ಕೆ ಬೆಸ್ಕಾಂ ಕೊಡುವ ಬಡ್ಡಿಯೂ ಅದೇ ಖಾತೆಗೆ ಜಮಾ. ನೀವು ಹೋಗುವಾಗ ಅದನ್ನು ಕಿತ್ತುಕೊಂಡು ಹೋಗಲು ಆಗುವುದಿಲ್ಲ. ಆದರೆ ಬಿಲ್ ಕಟ್ಟದೆ ಬಿಡಬೇಡಿ, ಫ್ಯೂಸ್ ಕಿತ್ತರೆ ಕತ್ತಲಲ್ಲಿ ಕೂರುವವರು ನೀವು. ಪೂರ್ತಿ ಕಟ್ಟಿ, ರಸೀದಿ ಓನರ್‌ಗೆ ಕಳಿಸಿ, ಮುಂದಿನ ಬಾಡಿಗೆಯಲ್ಲಿ ಹಿಡಿದುಕೊಳ್ಳುತ್ತೇವೆ ಅಂತ ತಿಳಿಸಿ. ತಿಳಿಸಿ ಅಂದೆ, ಸುಮ್ನೆ ಹಿಡಿದುಕೊಳ್ಳಿ ಅನ್ನಲಿಲ್ಲ. "ಸರಿ" ಅನ್ನುವ ಉತ್ತರ ಬರಲಿ.

ಇಷ್ಟೆಲ್ಲ ಬರೆದು ಗೃಹಜ್ಯೋತಿ, ಅಂದರೆ ಸರ್ಕಾರದ ಉಚಿತ ಕರೆಂಟ್ ಯೋಜನೆ ಬಗ್ಗೆ ನೀವು ಒಂದು ಮಾತೂ ಕೇಳಿಲ್ಲವಲ್ಲ! ಬಾಡಿಗೆ ಮನೆಯವರಿಗೆ ಇಲ್ಲ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಇದೆ. 2023ರ ಆಗಸ್ಟ್‌ನಿಂದ ಇದೆ. ಆ ಮೀಟರ್‌ನ 2022-23ರ ಸರಾಸರಿ ಬಳಕೆ ಮೇಲೆ ಶೇ 10 ಸೇರಿಸಿ ಅಷ್ಟು ಉಚಿತ. ಅದನ್ನು ದಾಟಿ 200ರ ಒಳಗಿದ್ದರೆ ಜಾಸ್ತಿ ಆದದ್ದಕ್ಕೆ ಮಾತ್ರ ದುಡ್ಡು, 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್. ನೀವು 130ರಲ್ಲಿ ಇದ್ದೀರಿ, ಆ ಮನೆಯ ಹಳೆ ಸರಾಸರಿ 120 ಇದ್ದರೂ ಬಿಲ್ ಸೊನ್ನೆ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಬೆಸ್ಕಾಂ ಅಕೌಂಟ್ ಐಡಿ ಜೊತೆ ನಿಮ್ಮ ಆಧಾರ್ ಜೋಡಿಸಬೇಕು, ಅಗ್ರಿಮೆಂಟ್ ಇಟ್ಟುಕೊಂಡಿರಿ. ಎರಡು ತೊಡಕು ಬರಬಹುದು. ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಆ ಮೀಟರ್‌ಗೆ ಅಂಟಿಕೊಂಡಿರಬಹುದು, ಅದನ್ನು ಮೊದಲು ಡಿ-ಲಿಂಕ್ ಮಾಡಿಸಬೇಕು, ಅದಕ್ಕೆ ಪೋರ್ಟಲ್‌ನಲ್ಲೇ ದಾರಿ ಇದೆ. ಇನ್ನೊಂದು, ದಾವಣಗೆರೆಯೂ ಬೆಸ್ಕಾಂ ವ್ಯಾಪ್ತಿಯೇ, ಅಲ್ಲಿನ ಮನೆಗೆ ನಿಮ್ಮ ಯಜಮಾನರ ಆಧಾರ್ ಜೋಡಿಸಿದ್ದರೆ ಇಲ್ಲಿಗೆ ಅದೇ ಆಧಾರ್ ನಡೆಯುವುದಿಲ್ಲ. ಅಗ್ರಿಮೆಂಟ್‌ನಲ್ಲಿ ನಿಮ್ಮ ಹೆಸರೂ ಇದ್ದರೆ ನಿಮ್ಮದನ್ನು ಕೊಡಿ. ಡಿಜಿ ಯೂನಿಟ್‌ಗೆ, ಎಎಸ್‌ಡಿಗೆ ಇದು ಅನ್ವಯಿಸುವುದಿಲ್ಲ.

ಸಿಂಕಿಂಗ್ ಫಂಡ್ 570, ಅಂದರೆ ಚದರ ಅಡಿಗೆ 50 ಪೈಸೆ. ಇದು ಮುಂದೆ ಲಿಫ್ಟ್ ಬದಲಾಯಿಸಲು, ಕಟ್ಟಡಕ್ಕೆ ಬಣ್ಣ ಹೊಡೆಸಲು, ಟೆರೇಸ್ ಸೋರಿದರೆ ಸರಿ ಮಾಡಿಸಲು ಕೂಡಿಡುವ ದುಡ್ಡು. ಐದು ವರ್ಷದ ನಂತರ ಆ ಕಟ್ಟಡ ಹೊಳೆದರೆ ರೇಟು ಏರುವುದು ಓನರ್‌ನ ಆಸ್ತಿಗೆ. ಇದನ್ನು ಬಾಡಿಗೆಯವರಿಂದ ವಸೂಲಿ ಮಾಡುವುದು ನನ್ನ ಪ್ರಕಾರ ತಪ್ಪು, ಅಸೋಸಿಯೇಷನ್‌ದಲ್ಲ, ಓನರ್‌ದು. ಯಾಕೆಂದರೆ ಅಸೋಸಿಯೇಷನ್ ಫ್ಲ್ಯಾಟ್ ಹೆಸರಿಗೆ ಒಂದು ಬಿಲ್ ಹಾಕುತ್ತದೆ ಅಷ್ಟೇ, ಅದಕ್ಕೆ ಸದಸ್ಯರು ಅಂದರೆ ಓನರ್. ಅವರು ಆ ಪಿಡಿಎಫ್ ಅನ್ನು ಹಾಗೇ ನಿಮಗೆ ವಾಟ್ಸ್ಆ್ಯಪ್‌ನಲ್ಲಿ ದಾಟಿಸಿದ್ದಾರೆ. ಇದೇ ಸಾಲಿಗೆ ಸೇರಿದ್ದು ಆಸ್ತಿ ತೆರಿಗೆ, ಕಟ್ಟಡದ ವಿಮೆ, ಕಾರ್ಪಸ್ ಫಂಡ್ (ಅಸೋಸಿಯೇಷನ್‌ನ ಮೂಲನಿಧಿ), ಒಂದೇ ಸಲದ ಕಾವೇರಿ ಕನೆಕ್ಷನ್ ವಂತಿಗೆ. ಈ ಕೊನೆಯದು ನಿಮ್ಮ ಕಡೆ ಬರುವ ಸಾಧ್ಯತೆ ಇದೆ, ಬಂದರೆ ಕಟ್ಟಬೇಡಿ. ಕಸದ ಶುಲ್ಕ ಮಾತ್ರ ಎರಡು ದೋಣಿಯ ಮೇಲೆ ಕಾಲಿಟ್ಟಿದೆ. 2025ರ ಏಪ್ರಿಲ್‌ನಿಂದ ಅದು ಆಸ್ತಿ ತೆರಿಗೆ ಜೊತೆ ಓನರ್‌ಗೆ ಬರುತ್ತದೆ, ಆದರೆ ಕಸ ನಿಮ್ಮದು. ಸಾವಿರದಿಂದ ಎರಡು ಸಾವಿರ ಚದರ ಅಡಿಯ ಮನೆಗೆ ತಿಂಗಳಿಗೆ 100 ರೂಪಾಯಿ. ಓನರ್ ಕೇಳಿದರೆ ಕೊಟ್ಟುಬಿಡಿ, ಆದರೆ ನೂರೇ ಕೊಡಿ, ಐನೂರಲ್ಲ.

ಮೂವ್-ಇನ್ 5,000. ಇದಕ್ಕೆ ಹೇಳುವ ಕಾರಣ ಲಿಫ್ಟ್ ಗೀರು ಬೀಳುತ್ತದೆ, ರಟ್ಟಿನ ಡಬ್ಬಿ ಕಸ ಆಗುತ್ತದೆ ಅಂತ. ಐದು ಸಾವಿರದ ಗೀರು ಯಾವ ಬೀರು ಹಾಕುತ್ತೋ ನನಗೆ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ಇದು ಅಸೋಸಿಯೇಷನ್‌ಗೆ ಸುಲಭದ ಆದಾಯ, ಯಾಕೆಂದರೆ ಕೊಡುವ ಬಾಡಿಗೆಯವರಿಗೆ ಸಭೆಯಲ್ಲಿ ಓಟು ಇಲ್ಲ. ಈಗಾಗಲೇ ಕಟ್ಟಿದ್ದರೆ ವಾಪಸ್ ಬರುವುದು ಕಷ್ಟ. ಎರಡು ವಿಷಯ ಮಾತ್ರ ನೋಡಿ. ಇದು ಶುಲ್ಕವಾ, ಇಲ್ಲ ವಾಪಸ್ ಕೊಡುವ ಠೇವಣಿಯಾ, ರಸೀದಿಯಲ್ಲಿ ಏನಿದೆ? ಹೋಗುವಾಗ ಮೂವ್-ಔಟ್ ಅಂತ ಇನ್ನೊಂದು ಐದು ಸಾವಿರ ಇದೆಯಾ? ಇದ್ದರೆ ಅದನ್ನಾದರೂ ಓನರ್ ಜೊತೆ ಅರ್ಧ ಅರ್ಧ ಮಾಡಿಕೊಳ್ಳಿ.

ಗ್ಯಾಸ್ ಬಗ್ಗೆ ನೀವು ಬರೆದಿಲ್ಲ, ಸಿಲಿಂಡರ್ ಇರಬೇಕು. ಪೈಪ್ ಗ್ಯಾಸ್ ಇದ್ದರೆ ಬಿಲ್ ಎರಡು ತಿಂಗಳಿಗೊಮ್ಮೆ ಬರುತ್ತದೆ, ಹಿಂದಿನವರ ಬಾಕಿ ನಿಮ್ಮ ಮೊದಲ ಬಿಲ್‌ನಲ್ಲಿ ಬಂದು ಕೂರುವ ಅಪಾಯ ಅಲ್ಲಿ ಜಾಸ್ತಿ.

ಅಪಾರ್ಟ್‌ಮೆಂಟ್ ಅಲ್ಲದೆ, ಓನರ್ ಕೆಳಗಿದ್ದು ಮೇಲಿನ ಮಹಡಿ ಬಾಡಿಗೆಗೆ ಕೊಡುವ ಮನೆಗಳಿಗೆ ಹೋಗುವವರಿಗೂ ಒಂದು ಮಾತು ಸೇರಿಸುತ್ತೇನೆ. ಅಲ್ಲಿ ಮೇಂಟೆನೆನ್ಸ್ ಇಲ್ಲ, "ನೀರಿಗೆ ಐನೂರು" ಅಷ್ಟೇ. ಖುಷಿಯಾಗುತ್ತದೆ. ಆಮೇಲೆ ನೋಡಿದರೆ ಸಂಪ್‌ನ ಮೋಟರ್, ಮೆಟ್ಟಿಲ ದೀಪ, ಗೇಟಿನ ದೀಪ ಎಲ್ಲ ನಿಮ್ಮ ಮೀಟರ್‌ಗೆ ಸೇರಿರುತ್ತದೆ. ಪರೀಕ್ಷೆ ಸುಲಭ: ನಿಮ್ಮ ಮೇನ್ ಸ್ವಿಚ್ ಆಫ್ ಮಾಡಿ ಮೋಟರ್ ಹಾಕಿ ನೋಡಿ. ಮೋಟರ್ ಓಡಿತು ಅಂದರೆ ನೆಮ್ಮದಿಯಾಗಿರಿ. ಆಮೇಲೆ ಮೇನ್ ಆನ್ ಮಾಡಿ, ಮನೆಯೊಳಗಿನ ಡಬ್ಬಿಯಲ್ಲಿರುವ ಎಂಸಿಬಿ ಸ್ವಿಚ್ ಎಲ್ಲ ಆಫ್ ಮಾಡಿ ಮೀಟರ್ ನೋಡಿ. ಅದರ ಕೆಂಪು ದೀಪ ಆಗಲೂ ಮಿನುಗುತ್ತಿದ್ದರೆ ಯಾರೋ ನಿಮ್ಮ ಕರೆಂಟ್ ಉಣ್ಣುತ್ತಿದ್ದಾರೆ.

ನೀವು ಈಗ ಮಾಡಬೇಕಾದ್ದು ಏನಂದರೆ, ಓನರ್‌ಗೆ ಫೋನ್ ಮಾಡಬೇಡಿ, ಬರೆದು ಕಳಿಸಿ. ಫೋನ್‌ನಲ್ಲಿ "ಆಯ್ತಮ್ಮ ನೋಡೋಣ" ಅಂತಾರೆ, ಅಲ್ಲಿಗೆ ಮುಗಿಯಿತು. ಹೀಗೆ ಬರೆಯಬಹುದು:

"ನಮಸ್ಕಾರ ಸರ್. ಈ ತಿಂಗಳ ಮೇಂಟೆನೆನ್ಸ್, ನೀರು, ಕಾಮನ್ ಕರೆಂಟ್, ಬೆಸ್ಕಾಂ ಬಿಲ್ ಎಲ್ಲ ಕಟ್ಟಿದ್ದೇವೆ, ರಸೀದಿ ಕಳಿಸಿದ್ದೇವೆ. ಅದರಲ್ಲಿ ಸಿಂಕಿಂಗ್ ಫಂಡ್ 570 ಮತ್ತು ಬೆಸ್ಕಾಂ ಠೇವಣಿ 1,420 ನಿಮ್ಮ ಹೆಸರಿನಲ್ಲಿ ಉಳಿಯುವಂಥದ್ದು. ಒಟ್ಟು 1,990 ಮುಂದಿನ ಬಾಡಿಗೆಯಲ್ಲಿ ಕಳೆದುಕೊಳ್ಳಬಹುದಾ? ನಾವು ಬಂದ ದಿನದ ನೀರು ಮತ್ತು ಡಿಜಿ ರೀಡಿಂಗ್ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಕಳಿಸಿ, ಹಿಂದಿನವರ ಬಳಕೆ ಸೇರಿದ ಹಾಗಿದೆ. ಆ್ಯಪ್‌ನಲ್ಲಿ ನಮಗೂ ಬಿಲ್ ಕಾಣುವ ಹಾಗೆ ಟೆನೆಂಟ್ ಲಾಗಿನ್ ಮಾಡಿಸಿಕೊಡಿ."

ಆ ಕೊನೆಯ ಸಾಲು ಮರೆಯಬೇಡಿ. ಬಿಲ್ ಓನರ್‌ಗೆ ಬಂದು, ಅವರು ನೆನಪಾದಾಗ ನಿಮಗೆ ಕಳಿಸಿ, ಅಷ್ಟರಲ್ಲಿ ಕೊನೆಯ ದಿನ ದಾಟಿ ದಂಡ ಬಿದ್ದಿರುತ್ತದೆ, ಆ ದಂಡವೂ ನಿಮ್ಮ ತಲೆಗೆ. 1,990 ಕೊಡಲ್ಲ ಅಂದರೆ? ನಿಮ್ಮ ಅಗ್ರಿಮೆಂಟ್‌ನಲ್ಲಿ "ಎಲ್ಲ ಚಾರ್ಜ್ ಬಾಡಿಗೆದಾರರದ್ದು" ಅಂತ ಇದ್ದರೆ ಈ ಸಲ ಬಿಟ್ಟುಬಿಡಿ. ಎರಡು ಸಾವಿರಕ್ಕೆ ಮನೆ ಸಂಬಂಧ ಕೆಡಿಸಿಕೊಳ್ಳುವುದು ಬೇಡ. ಆದರೆ ಆ 570 ಪ್ರತಿ ತಿಂಗಳೂ ಬರುವಂಥದ್ದು, ಹನ್ನೊಂದು ತಿಂಗಳಿಗೆ 6,270 ಆಗುತ್ತದೆ ಅನ್ನುವುದು ತಲೆಯಲ್ಲಿರಲಿ. ಅಗ್ರಿಮೆಂಟ್ ನವೀಕರಿಸುವಾಗ ಅದನ್ನು ಎತ್ತಿ.

ಆಗ ಇನ್ನೊಂದನ್ನೂ ನೋಡಿ. ವರ್ಷಕ್ಕೆ ಶೇ 5 ಏರಿಕೆ ಅಂತ ಬರೆದಿದ್ದರೆ ಅದು 26,000ದ ಮೇಲೆ ಮಾತ್ರ, ಅಂದರೆ 1,300. ಮೇಂಟೆನೆನ್ಸ್ ಅಸೋಸಿಯೇಷನ್ ಏರಿಸಿದಾಗ ತಾನಾಗಿ ಏರುತ್ತದೆ, ಅದರ ಮೇಲೆ ಓನರ್ ಮತ್ತೆ ಶೇ 5 ಹಾಕುವಂತಿಲ್ಲ. ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲಿ ಹಿಡಿಯುವುದು ಬೆಂಗಳೂರಿನ ರೂಢಿ. ಅದೂ ಒಂದು ಚಾರ್ಜೇ, ಹನ್ನೊಂದು ತಿಂಗಳಿಗೆ ಹಂಚಿದರೆ ತಿಂಗಳಿಗೆ 2,360 ರೂಪಾಯಿ ಹತ್ತಿರ, ಬರೀ ಬಣ್ಣಕ್ಕೆ! ವರ್ಷದೊಳಗೆ ಬಿಟ್ಟರೆ ಪೂರ್ತಿ ಹಿಡಿಯಬಾರದು ಅಂತಲೋ, ನಾವೇ ಪೇಂಟ್ ಮಾಡಿಸಿಕೊಡುತ್ತೇವೆ ಅಂತಲೋ ಈಗಲೇ ಮಾತಾಡಿಕೊಳ್ಳಿ.

ನಿಮ್ಮ ಎರಡನೇ ಪ್ರಶ್ನೆಗೆ ಅಂಕಿಯಲ್ಲೇ ಉತ್ತರ ಬೇಕಾದರೆ: ನೀರು 12-13 ಸಾವಿರ ಲೀಟರ್‌ಗೆ ಇಳಿದು, ಡಿಜಿ ಒಂದಿನ್ನೂರಕ್ಕೆ ಬಂದರೆ, ಬಾಡಿಗೆ ಬಿಟ್ಟು ತಿಂಗಳಿಗೆ 8,200 ಆಸುಪಾಸು. ಗೃಹಜ್ಯೋತಿ ಸಿಕ್ಕರೆ 6,750. ಸಿಂಕಿಂಗ್ ಫಂಡ್ ಓನರ್ ಹೊರದಿದ್ದರೆ ಅದಕ್ಕೆ 570 ಸೇರಿಸಿಕೊಳ್ಳಿ. ಮಾರ್ಚ್‌ನಿಂದ ಮೇವರೆಗೆ ಟ್ಯಾಂಕರ್ ದರ ಏರಿದರೆ ನೀರಿನ ಬಾಬ್ತು ಇನ್ನೊಂದು ಐನೂರು ಜಾಸ್ತಿ ಆಗಬಹುದು. ನಾಳೆ ಒಂದನೇ ತಾರೀಕು ಬರಲಿ ಅಂತ ಕಾಯಬೇಡಿ, ಇವತ್ತೇ ಹೋಗಿ ಬೆಸ್ಕಾಂ, ಡಿಜಿ ಮತ್ತು ನೀರಿನ ಎಲ್ಲ ಮೀಟರ್‌ಗಳ ಫೋಟೋ ತೆಗೆದಿಡಿ. ಪಕ್ಕದ ಫ್ಲ್ಯಾಟ್‌ನ ಡಿಜಿ ಮೀಟರ್‌ದೂ ಒಂದು ತೆಗೆದುಕೊಳ್ಳಿ, ಅದಲು ಬದಲಾಗಿದ್ದರೆ ಅದರಲ್ಲೇ ಗೊತ್ತಾಗುತ್ತದೆ.